ಬೆಣ್ಣೆ ದೋಸೆಗೆ ಬಹುಮತವಿಲ್ಲ

ವಿಶ್ವಕೋಶದಲ್ಲಿ ಊರಿಗಿಲ್ಲದ ಮತದಾನ ಪದ್ಧತಿಗಳಿಗೆಲ್ಲ ಪುಟ ಬೇಕೇ ಎಂದು ವಿಕಿಪೀಡಿಯದವರು ಕಿತ್ತಾಡುತ್ತಾರೆ. ಯಾವ ದೇಶವೂ ಬಳಸುವುದಿಲ್ಲ, ಹುಟ್ಟಿಸಿದವನನ್ನು ಬಿಟ್ಟರೆ ಕೇಳುವವರಿಲ್ಲ, ಅಳಿಸಿ ಎಂದು ಒಬ್ಬರು. ಪಾಪ, ಇರಲಿ ಉಳಿಸಿ ಎಂದು ಇನ್ನೊಬ್ಬರು. ‘ಅಳಿಸಿ’, ‘ಉಳಿಸಿ’ ಎಂದು ಸಾಲಾಗಿ ಬರೆದು ಸಹಿ ಹಾಕುತ್ತಾರೆ. ಇದೂ ಮತದಾನವೇ ಅಲ್ಲವೇ ಎಂದರೆ, ಛೆ ಛೆ, ಚರ್ಚೆ ಎನ್ನುತ್ತಾರೆ. ಮಹಾನುಭಾವರು! ಈ ವಿದ್ಯೆ ಹೈಕಮಾಂಡ್‌ಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಇದೇ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2008ರಲ್ಲಿ ತನ್ನ ಮಂಡಳಿಯ ಚುನಾವಣೆಯನ್ನು ನಡೆಸಿದ್ದು ಶುಲ್ಜ್ ಪದ್ಧತಿಯಲ್ಲಿ, ಅಂದರೆ ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಬರೆಸಿ, ಇಬ್ಬಿಬ್ಬರನ್ನು ಜೋಡಿ ಮಾಡಿ ಹೋಲಿಸುವ ಪದ್ಧತಿಯಲ್ಲಿ. ಆ ಹೆಸರನ್ನು ದಾವಣಗೆರೆಯ ಯಾವ ವೃತ್ತದಲ್ಲಿ ನಿಂತು ಕೂಗಿದರೂ ಒಂದು ಆಟೋ ಸಹ ನಿಲ್ಲುವುದಿಲ್ಲ.

ಕಳೆದ ಭಾನುವಾರ ನಾವು ಮೂವರು ದೋಸೆಗೆ ಹೋಗಿದ್ದೆವು. ಮೂವರೂ ಒಂದೇ ಬಗೆ ಹೇಳಿದರೆ ಬೇಗ ಬರುತ್ತದೆ ಎಂಬ ಆಸೆ. ನನಗೆ ಬೆಣ್ಣೆ ಮೊದಲು, ಆಮೇಲೆ ಓಪನ್, ಕೊನೆಗೆ ಖಾಲಿ. ಮೇಷ್ಟ್ರಿಗೆ ಓಪನ್, ಖಾಲಿ, ಬೆಣ್ಣೆ. ಅವರ ಭಾವಮೈದುನನಿಗೆ ಖಾಲಿ, ಬೆಣ್ಣೆ, ಓಪನ್. ನಮ್ಮದು ಕುಸ್ತಿಯ ಊರು, ಜೋಡಿ ಕಟ್ಟಿದೆವು. ಬೆಣ್ಣೆ ಓಪನ್ ಅನ್ನು ಒಂದಕ್ಕೆ ಎರಡು ಮತಗಳಿಂದ ಕೆಡವಿತು. ಓಪನ್ ಖಾಲಿಯನ್ನು ಚಿತ್ ಮಾಡಿತು. ಹಾಗಾದರೆ ಬೆಣ್ಣೆಯೇ ಪೈಲ್ವಾನ ಎನ್ನುವಷ್ಟರಲ್ಲಿ ಖಾಲಿ ಎದ್ದು ಬೆಣ್ಣೆಯನ್ನೇ ಮಲಗಿಸಿತು! ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ 1785ರಲ್ಲೇ ಈ ಸುತ್ತನ್ನು ಬರೆದಿಟ್ಟಿದ್ದ. (ಆತ ಸತ್ತದ್ದು ಸೆರೆಮನೆಯಲ್ಲಿ, ಮತಗಳ ಲೆಕ್ಕ ಹಾಕುವವರ ಗತಿ.) ಚಟ್ನಿ ಬಕೆಟ್ ಹಿಡಿದು ನಿಂತಿದ್ದ ಸಪ್ಲೈಯರ್‌ಗೆ ಸಾಕಾಗಿ, ‘ಮೂರು ಬೆಣ್ಣೆ’ ಎಂದು ಒಳಗೆ ಕೂಗಿಯೇಬಿಟ್ಟ. ಈ ಪದ್ಧತಿಗೂ ಹೆಸರಿದೆ, ಸರ್ವಾಧಿಕಾರ. ದೋಸೆ ಚೆನ್ನಾಗಿತ್ತು.

ಯಾರೂ ಬಳಸುವುದಿಲ್ಲವಂತೆ! ಮೇಷ್ಟ್ರು ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರದ ಮತದಾರರು. ಅಲ್ಲಿ ಗುಂಡಿ ಒತ್ತುವುದಿಲ್ಲ. ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಪೆನ್ನಿನಲ್ಲೇ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. 1969ರಲ್ಲಿ ವಿ. ವಿ. ಗಿರಿ ರಾಷ್ಟ್ರಪತಿಯಾದದ್ದೂ ಎರಡನೆಯ ಪ್ರಾಶಸ್ತ್ಯ ಎಣಿಸಿದ ಮೇಲೆಯೇ. ಆದರೂ ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಗೆರೆ ಎಳೆಯುವವರ ಮತಪತ್ರಗಳೇ ತಿರಸ್ಕೃತವಾಗುತ್ತವೆ. ಕರೆದು ಊಟ ಹಾಕಿ ಕೈ ಮುಗಿಯುವ ಅಭ್ಯರ್ಥಿ, ಎರಡನೆಯ ಪ್ರಾಶಸ್ತ್ಯದ ಮತ ಎಲ್ಲಿಗೆ ಹೋಗುತ್ತದೆ ಎಂದು ಹೇಳುವುದಿಲ್ಲ. ಹೇಳಬೇಕಾದ ವಿಕಿಪೀಡಿಯ ಪುಟವನ್ನು ಅಳಿಸೋಣ ಎನ್ನುತ್ತಾರೆ. ಅಳಿಸಿ, ನನಗೂ ಸಾಕಾಗಿದೆ.

ಕೈ ತೊಳೆಯುವಾಗ ಕೇಳಿದೆ, ‘ಹೋದ ಸಲ ಹೇಗೆ ಬರೆದಿರಿ ಮೇಷ್ಟ್ರೇ?’

‘ಟಿಕ್ ಹಾಕಿದೆ’ ಎಂದರು. ‘ಮುಂದೆ ಯಾರಿಗೂ ಸಂಶಯ ಬರಬಾರದೆಂದು ಕೆಳಗೆ ಸಹಿಯನ್ನೂ ಮಾಡಿದೆ.’