ಮತಗಟ್ಟೆಯ ಹಲಗೆ

ಏಕಕಾಲಕ್ಕೆ ಚುನಾವಣೆ ನಡೆಸುವ ಸಂವಿಧಾನ ತಿದ್ದುಪಡಿ ಮಸೂದೆ 2024ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾದಾಗ ಒಕ್ಕೂಟ ವ್ಯವಸ್ಥೆ, ಖರ್ಚುವೆಚ್ಚ, ಆಡಳಿತದ ಸ್ಥಿರತೆ ಎಂದು ಪರ-ವಿರೋಧದ ವಾದಗಳೆಲ್ಲ ಬಂದವು. ಬೆಳಗಾವಿ ಜಿಲ್ಲೆಯಲ್ಲಿ ಗಾಲಿಕುರ್ಚಿಯ ಮೇಲೆ ಬದುಕುವವರ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ, ಚುನಾವಣೆಗಳನ್ನು ಕಡಿಮೆ ಮಾಡುವುದಿರಲಿ, ತಿಂಗಳಿಗೊಂದು ನಡೆಸಿರೆಂದು ಅವರು ಕೈಮುಗಿಯುತ್ತಿದ್ದರು. ಸರ್ಕಾರಿ ಕಟ್ಟಡದ ಮೆಟ್ಟಿಲುಗಳಿಗೆ ಕರುಣೆ ಹುಟ್ಟುವುದು ಮತದಾನದ ದಿನ ಮಾತ್ರ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆ ದಿನದ ವೈಭವವೇ ಬೇರೆ. ಕಾಯಂ ರ‍್ಯಾಂಪ್ ಇಲ್ಲದ ಶಾಲೆಗೆ ರಾತ್ರೋರಾತ್ರಿ ಹಲಗೆಯ ರ‍್ಯಾಂಪ್ ಬರುತ್ತದೆ, ಗಾಲಿಕುರ್ಚಿ ಬರುತ್ತದೆ, ಅದನ್ನು ತಳ್ಳುವ ಸ್ವಯಂಸೇವಕ ಬರುತ್ತಾನೆ, ತಳ್ಳುವುದನ್ನು ಸೆರೆಹಿಡಿಯುವ ಛಾಯಾಗ್ರಾಹಕನಂತೂ ಎಲ್ಲರಿಗಿಂತ ಮೊದಲೇ ಬಂದು ನಿಂತಿರುತ್ತಾನೆ. ಮತಯಂತ್ರದ ಮೇಲೆ ಬ್ರೈಲ್ ಅಂಕಿಗಳಿವೆ. 2023ರ ವಿಧಾನಸಭಾ ಚುನಾವಣೆಯಿಂದೀಚೆಗೆ, ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವವರು ನಮೂನೆ 12ಡಿ ತುಂಬಿಕೊಟ್ಟರೆ ಮತಗಟ್ಟೆಯ ಸಿಬ್ಬಂದಿಯೇ ಮನೆಗೆ ಬರುತ್ತಾರೆ. ಗೆದ್ದವರನ್ನು ಮನೆಗೆ ಕರೆಸುವ ನಮೂನೆಯನ್ನು ಮಾತ್ರ ಯಾವ ಆಯೋಗವೂ ಇನ್ನೂ ಮುದ್ರಿಸಿಲ್ಲ. ಮರುದಿನ ಶಾಮಿಯಾನದವನು ಬಂದು ತನ್ನ ಹಲಗೆಯನ್ನು ಎತ್ತಿಕೊಂಡು ಹೋಗುತ್ತಾನೆ.

ಮತದಾನಕ್ಕೆ ಮೊದಲು ತ್ರಿಚಕ್ರ ವಾಹನ ಜಾಥಾ ಎಂಬುದೊಂದಿದೆ. ಕಾಲು ಗಟ್ಟಿಯಾಗಿರುವವರು ಮತಗಟ್ಟೆಯವರೆಗೆ ನಡೆಯಲು ಬೇಸರಪಡುತ್ತಾರೆಂದು, ತಪ್ಪದೆ ಮತ ಹಾಕುವ ಅಂಗವಿಕಲರನ್ನು ಸಾಲಾಗಿ ನಿಲ್ಲಿಸಿ, ಸಾಹೇಬರು ಬಂದು ಹಸಿರು ನಿಶಾನೆ ತೋರಿಸುವವರೆಗೆ ಬಿಸಿಲಿನಲ್ಲಿ ಕಾಯಿಸಿ, ಜಾಗೃತಿ ಮೂಡಿಸಲಾಗುತ್ತದೆ. ಅದೇ ವಾಹನಗಳು ಅದೇ ರಸ್ತೆಯಲ್ಲಿ ಮನವಿಪತ್ರ ಹಿಡಿದು ಬಂದರೆ ಸಂಚಾರಕ್ಕೆ ಅಡಚಣೆಯಾಗುತ್ತದೆ.

ಕಾನೂನಿಗೇನೂ ಕೊರತೆಯಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಮತಗಟ್ಟೆಗಳೆಲ್ಲ ಸುಗಮವಾಗಿರಬೇಕೆಂದು ಹೇಳಿ ಸುಮ್ಮನಾಗಲಿಲ್ಲ. ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಸರಿಪಡಿಸಬೇಕೆಂದಿತು. ನಿಯಮಗಳು ಬಂದದ್ದು 2017ರಲ್ಲಿ, ಗಡುವು ಮುಗಿದದ್ದು 2022ರಲ್ಲಿ. ಗಡುವಿನ ಕಡತವೂ ಬಹುಶಃ ಮೇಲ್ಮಹಡಿಯಲ್ಲೇ ಇರಬೇಕು. ಗ್ರಾಮ ಪಂಚಾಯಿತಿಯು ಅಂಗವಿಕಲರಿಗೆಂದು ತೆಗೆದಿಡಬೇಕಾದ ಶೇ. 5ರ ಹಣದ ಚರ್ಚೆ ಮೆಟ್ಟಿಲ ಮೇಲಿನ ಸಭಾಂಗಣದಲ್ಲಿ ನಡೆಯುವಾಗ, ಆ ಹಣ ಯಾರಿಗಾಗಿಯೋ ಅವರು ಕೆಳಗೆ ಬೇವಿನ ನೆರಳಿನಲ್ಲಿ ಕುಳಿತಿರುತ್ತಾರೆ. ಅವರ ಭಾಗವಹಿಸುವಿಕೆಯೂ ದಾಖಲಾಗಬೇಕಲ್ಲ, ಆದ್ದರಿಂದ ರಿಜಿಸ್ಟರು ಕೆಳಗಿಳಿದು ಬರುತ್ತದೆ: "ನೀವ್ಯಾಕ ತ್ರಾಸ ತಗೋತೀರಿ ಅಣ್ಣಾರ, ಇಲ್ಲೇ ಕುಂತು ಸಹಿ ಮಾಡ್ರಿ, ಠರಾವು ನಾವು ಬರಕೋತೀವಿ." ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಈ ಸೌಜನ್ಯ ಸೇರಿಲ್ಲ.

ಇನ್ನು ಅಂಗವಿಕಲರೇ ಸದಸ್ಯರಾಗಿ ಆ ಠರಾವು ಬರೆಯುವ ಮಾತು. ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನು ನಾಮನಿರ್ದೇಶನ ಮಾಡುವ ಮಸೂದೆಗಳನ್ನು ತಮಿಳುನಾಡು ವಿಧಾನಸಭೆ 2025ರಲ್ಲಿ ಅಂಗೀಕರಿಸಿತು. ಗಡಿಯ ಮಾತು ಬಂದರೆ ಮಹಾರಾಷ್ಟ್ರದೊಂದಿಗೆ, ನೀರಿನ ಮಾತು ಬಂದರೆ ತಮಿಳುನಾಡಿನೊಂದಿಗೆ ತೊಡೆ ತಟ್ಟುವ ನಮ್ಮ ನಾಯಕರಿಗೆ ಈ ವಿಷಯದಲ್ಲಿ ಯಾಕೋ ಸ್ವಾಭಿಮಾನ ಕೆರಳಲಿಲ್ಲ. ಟಿಕೆಟ್ ಕೇಳಲು ಹೋದ ಅಂಗವಿಕಲನಿಗೆ ಸಿಗುವುದು ಕಾಳಜಿಯ ಒಂದು ಪ್ರಶ್ನೆ: ಕಾಲಿಲ್ಲದೆ ಪ್ರಚಾರಕ್ಕೆ ಓಡಾಡುವುದು ಹೇಗೆ? ತೆರೆದ ವಾಹನದ ಮೇಲೆ ಹಾರ ಹಾಕಿಸಿಕೊಂಡು ನಿಂತು, ಒಮ್ಮೆಯೂ ನೆಲಕ್ಕೆ ಕಾಲಿಡದೆ ಕ್ಷೇತ್ರವನ್ನೆಲ್ಲ ಸುತ್ತಿ ಬಂದವರೇ ಆ ಪ್ರಶ್ನೆಯನ್ನು ಕೇಳುತ್ತಾರೆ.