ಸತ್ಯಾಂಶ: ಬ್ಯಾಟರಿ ಕೇಬಲ್‌ಗೆ ಸೋಲ್ಡರ್ ಮಾಡಿದರೆ ಮಾತ್ರ ಭದ್ರವೇ?

ಕಾರಿನ ಬ್ಯಾಟರಿಯ ದಪ್ಪ ಕೇಬಲ್‌ನ ತುದಿಗೆ ಲಗ್ ಅನ್ನು (ಬೋಲ್ಟಿಗೆ ಸಿಕ್ಕಿಸುವ ಲೋಹದ ಕೊಂಡಿ) ಒತ್ತಿ ಕೂರಿಸಿದರೆ ಸಾಲದು, ಸೋಲ್ಡರ್ ಮಾಡಿದರೆ (ಕರಗಿಸಿದ ಲೋಹದಿಂದ ಬೆಸೆದರೆ) ಮಾತ್ರ ಭದ್ರ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಕೇಬಲ್‌ನ ಅಳತೆಗೆ ತಕ್ಕ ಲಗ್ ಮತ್ತು ಡೈ (ಒತ್ತುವ ಅಚ್ಚು) ಬಳಸಿ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿದಾಗ ತಾಮ್ರದ ಎಳೆಗಳು ನಡುವೆ ಗಾಳಿಗೂ ಎಡೆಯಿಲ್ಲದಂತೆ ಬಿಗಿದುಕೊಳ್ಳುತ್ತವೆ. ಅಂಥ ಲಗ್ಗನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಬಿಡಿ ಎಳೆಗಳ ಬದಲು ಬಹುತೇಕ ಗಟ್ಟಿ ತಾಮ್ರವೇ ಕಾಣುತ್ತದೆ. ಸೋಲ್ಡರ್ ಮಾಡುವಾಗಲಾದರೋ ಕರಗಿದ ಲೋಹ ಎಳೆಗಳೊಳಗೆ ಹರಿದು, ಲಗ್ಗಿನಾಚೆಗೂ ಕೇಬಲ್ ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ಎಂಜಿನ್‌ನ ನಡುಕಕ್ಕೆ ಎಳೆಗಳು ತುಂಡಾಗುವುದು ಆ ಸೆಟೆದ ಭಾಗ ಮುಗಿಯುವ ಜಾಗದಲ್ಲಿಯೇ. ಸ್ಟಾರ್ಟರ್ ಎಳೆಯುವ ನೂರಾರು ಆಂಪಿಯರ್ ಕರೆಂಟಿಗೆ ಕೆಟ್ಟ ಸಂಪರ್ಕ ಬಿಸಿಯೇರಿದರೆ, ಸಾಮಾನ್ಯ 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) ಸುಮಾರು 190 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಸುತ್ತಿಗೆಯಿಂದ ಜಜ್ಜಿ ಕೂರಿಸಿದ ಲಗ್ ಸಡಿಲವಾಗುವುದು ನಿಜ. ಸಂದೇಶ ಹುಟ್ಟಿದ್ದು ಬಹುಶಃ ಅಂಥ ಕೆಲಸ ಕಂಡೇ.