“ಎಲ್ಲಾದರೂ ಸರಿ” ಎನ್ನುವವರ ಕಾಟ

ಪರದೆಯ ಮೇಲೆ 3 ವರ್ಷ ಹರಟಿದ 20 ಮಂದಿ ಒಮ್ಮೆ ಎದುರುಬದುರು ಕುಳಿತು ಊಟ ಮಾಡೋಣ ಎಂದುಕೊಂಡೆವು. ಹೋಟೆಲ್ ಹುಡುಕುವ ಹೊಣೆ ನನ್ನ ತಲೆಗೆ ಬಿತ್ತು. ಬಾಯಿ ಮುಚ್ಚಿಕೊಂಡಿರಬೇಕಿತ್ತು.

“ಎಲ್ಲಾದರೂ ಸರಿ” ಎಂದರು ಎಲ್ಲರೂ. ಒಂದು ಹೆಸರು ಹೇಳಿದೆ ನೋಡಿ, ಅಲ್ಲಿಯವರೆಗೆ ಮೌನವ್ರತದಲ್ಲಿದ್ದವರಿಗೆಲ್ಲ ನಾಲಿಗೆ ಬಂತು. ಒಬ್ಬರಿಗೆ ದೂರ, ಇನ್ನೊಬ್ಬರಿಗೆ ದುಬಾರಿ, ಮತ್ತೊಬ್ಬರಿಗೆ ಅಲ್ಲಿನ ಸಂಗೀತದ ಗದ್ದಲ ಆಗದು. ಅಲರ್ಜಿ ಇರುವವರ ಮಾತು ಬೇರೆ. ಅದು ನ್ಯಾಯವಾದದ್ದು, ಮೊದಲೇ ಕೇಳಿ ಬರೆದುಕೊಂಡಿದ್ದೆ. ಆದರೆ ಕುರ್ಚಿಗೆ ಮೆತ್ತೆಯಿಲ್ಲವೆಂದು ಮೂಗು ಮುರಿದವರಿಗೆ ಏನು ಹೇಳಲಿ?

ಮತಕ್ಕೆ ಹಾಕಿದೆ. ಮತ ಹಾಕಿದವರು 6 ಮಂದಿ; 3 ಹೋಟೆಲುಗಳಿಗೂ ತಲಾ ಎರಡು!

ಹೋಟೆಲಿನವರಿಗೆ ಜನ ಎಷ್ಟೆಂದು ಖಚಿತವಾಗಿ ಹೇಳಬೇಕು. ಅವರು ಮೇಜು ಜೋಡಿಸಬೇಕು, ದೊಡ್ಡ ಗುಂಪೆಂದರೆ ಮುಂಗಡವನ್ನೂ ಕೇಳುತ್ತಾರೆ. ನಮ್ಮವರ ಉತ್ತರ ಮಾತ್ರ “ನೋಡೋಣ”. ಈ “ನೋಡೋಣ”ಗಳಿಗೆ ಎಷ್ಟು ಕುರ್ಚಿ ಹಾಕಿಸಲಿ? ಬರುತ್ತೇನೆ ಎಂದು ಬಾರದವರ ಊಟದ ಹಣ ಯಾರ ಜೇಬಿನಿಂದ ಹೋಗುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ.

ರೋಸಿಹೋಗಿ ನನ್ನ ಮನೆಗೆ ಹತ್ತಿರವಿರುವುದನ್ನೇ ಗೊತ್ತುಮಾಡಿ ಮುಂಗಡ ಕಟ್ಟಿದೆ. ನಿನ್ನೆ ರಾತ್ರಿ ಒಬ್ಬರ ಸಂದೇಶ: “ದಿನಾಂಕ ಬದಲಿಸಬಹುದೇ?”